ಲೀಟರ್ ಲೆಕ್ಕದ ಕೈತೋಟ

(ತಾರಸಿ ಮತ್ತು ಬಾಲ್ಕನಿಯಲ್ಲಿ ತರಕಾರಿ ಬೆಳೆಯುವ ಬಗ್ಗೆ ತುಮಕೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

"ಯಾವ ಬೀಜ ಹಾಕಲಿ?" ಅನ್ನೋದು ಎಲ್ಲರ ಮೊದಲ ಪ್ರಶ್ನೆ. ಅದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡೋಣ. ಹೊಲದಲ್ಲಿ ಟೊಮೆಟೊ ಗಿಡದ ಬೇರು ಎರಡು ಮೂರು ಅಡಿ ಕೆಳಗಿಳಿದು ತೇವ ಹುಡುಕಿಕೊಳ್ಳುತ್ತದೆ. ಮೇಲಿನ ಮಣ್ಣು ಒಣಗಿದರೂ ಕೆಳಗಿನ ತೇವ ಕೈಹಿಡಿಯುತ್ತದೆ. ನೀರಿನಲ್ಲಿ ಬಂದ ಉಪ್ಪನ್ನು ಮಳೆ ತೊಳೆದು ಕೆಳಗೆ ಇಳಿಸುತ್ತದೆ. ಕುಂಡದಲ್ಲಿ ಇದು ಯಾವುದೂ ಇಲ್ಲ. ನೀವು ಕೊಟ್ಟ ಹದಿನೆಂಟೋ ಇಪ್ಪತ್ತೋ ಲೀಟರ್ ಮಣ್ಣಿನೊಳಗೇ ಬೇರಿನ ಊಟ, ನೀರು, ಉಸಿರು ಎಲ್ಲ ಆಗಬೇಕು. ಆದ್ದರಿಂದ ಕುಂಡದ ತರಕಾರಿಯಲ್ಲಿ ಮೊದಲು ಮೂರು ಲೆಕ್ಕ: ಎಷ್ಟು ಗಂಟೆ ಬಿಸಿಲು, ಎಷ್ಟು ಲೀಟರ್ ಮಣ್ಣು, ಎಂಥ ನೀರು. ಬೀಜದ ಮಾತು ಆಮೇಲೆ. ಈ ಮೂರು ಗೊತ್ತಾದರೆ ಏನು ಬೆಳೆಯಬೇಕು ಅನ್ನೋದಕ್ಕೆ ಮುಕ್ಕಾಲು ಪಾಲು ಉತ್ತರ ತಾನಾಗಿ ಸಿಗುತ್ತದೆ.

ಬಿಸಿಲಿನಿಂದ ಶುರು ಮಾಡೋಣ. ಕಾಯಿ ಬಿಡುವ ಗಿಡಗಳಿಗೆ, ಅಂದರೆ ಟೊಮೆಟೊ, ಬದನೆ, ಬೆಂಡೆ, ಹೀರೆ ಇವಕ್ಕೆ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ಸೊಪ್ಪುಗಳಿಗೆ ಮೂರರಿಂದ ನಾಲ್ಕು ಗಂಟೆ ಸಾಕು. "ನಮ್ಮ ಬಾಲ್ಕನಿಯಲ್ಲಿ ಒಳ್ಳೆ ಬೆಳಕಿದೆ" ಅಂದರೆ ಆಗಲ್ಲ. ಗಿಡ ಕೇಳೋದು ಬಿಸಿಲು. ಒಂದು ದಿನ ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಎರಡೆರಡು ಗಂಟೆಗೊಮ್ಮೆ ಬಿಸಿಲು ಬಿದ್ದ ಜಾಗದ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಯಾವ ಮೂಲೆಗೆ ಎಷ್ಟು ಅಂತ ಕಣ್ಣಿಗೇ ಕಾಣುತ್ತದೆ.

ಇದರಲ್ಲಿ ಒಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ತುಮಕೂರು ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಸೂರ್ಯ ನಮಗೆ ದಿನವಿಡೀ ಉತ್ತರದ ಕಡೆಗೇ ಇರುತ್ತಾನೆ. ಆ ನಾಲ್ಕು ತಿಂಗಳು ದಕ್ಷಿಣದ ಬಾಲ್ಕನಿಗೆ ನೇರ ಬಿಸಿಲೇ ಬೀಳುವುದಿಲ್ಲ. ಅದೇ ಬಾಲ್ಕನಿಗೆ ಡಿಸೆಂಬರ್‌ನಲ್ಲಿ ಮಧ್ಯಾಹ್ನದ ಸೂರ್ಯ 53 ಡಿಗ್ರಿ ಎತ್ತರಕ್ಕೆ ಇಳಿದಿರುವುದರಿಂದ ಬಿಸಿಲು ಒಳಗಿನ ಗೋಡೆಯವರೆಗೂ ಬರುತ್ತದೆ. ಜನವರಿಯಲ್ಲಿ ಸೊಗಸಾಗಿ ಕಾಯಿ ಬಿಟ್ಟ ಟೊಮೆಟೊ ಜೂನ್‌ನಲ್ಲಿ ಉದ್ದಕ್ಕೆ ಬೆಳೆದು ಹೂವನ್ನೇ ಬಿಡದಿದ್ದರೆ ಬೀಜವನ್ನು ಬೈಯಬೇಡಿ. ದಕ್ಷಿಣದ ಬಾಲ್ಕನಿ ಇರುವವರು ಟೊಮೆಟೊ, ಬದನೆಯನ್ನು ಸೆಪ್ಟೆಂಬರ್‌ನಲ್ಲಿ ನಾಟಿ ಮಾಡಿ, ಮೇ ತಿಂಗಳಿಂದ ಆಗಸ್ಟ್‌ವರೆಗೆ ಬಸಳೆ, ದೊಡ್ಡಪತ್ರೆ, ಪುದೀನಕ್ಕೆ ಬಿಟ್ಟುಕೊಡಿ. ಪೂರ್ವದ ಬಾಲ್ಕನಿ ಸೊಪ್ಪಿಗೆ ಹೇಳಿ ಮಾಡಿಸಿದ್ದು, ಮೆಣಸಿನಕಾಯಿಯೂ ಹೊಂದಿಕೊಳ್ಳುತ್ತದೆ. ಪಶ್ಚಿಮದ್ದು ಕಷ್ಟ. ಮಾರ್ಚ್, ಏಪ್ರಿಲ್‌ನಲ್ಲಿ ಮಧ್ಯಾಹ್ನದ ಬಿಸಿಲಿಗೆ ಕಾದ ಗೋಡೆ ರಾತ್ರಿ ಎಂಟಾದರೂ ಕಾವು ಬಿಡುತ್ತಿರುತ್ತದೆ. ಅಲ್ಲಿ ಬೆಂಡೆ ಉಳಿಯುತ್ತದೆ, ಕೊತ್ತಂಬರಿ ಉಳಿಯುವುದಿಲ್ಲ.

ತಾರಸಿ ಇರುವವರಿಗೆ ಬಿಸಿಲಿನ ಚಿಂತೆ ಇಲ್ಲ, ಭಾರದ ಚಿಂತೆ ಇದೆ. ಜನ ಓಡಾಡುವ ತಾರಸಿಯನ್ನು ಭಾರತೀಯ ಮಾನಕದ ಪ್ರಕಾರ ಚದರ ಮೀಟರಿಗೆ 150 ಕಿಲೋ ಹೊರೆ ಹೊರುವಂತೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಚದರಡಿಗೆ ಸುಮಾರು 14 ಕಿಲೋ ಬಿತ್ತು. ಒಂದು ಲೀಟರ್ ಒದ್ದೆ ಕೆಮ್ಮಣ್ಣು ಒಂದೂವರೆ ಕಿಲೋಗಿಂತ ಹೆಚ್ಚೇ ತೂಗುತ್ತದೆ. ಇಟ್ಟಿಗೆ ಕಟ್ಟಿ, ಒಂದಡಿ ಮಣ್ಣು ತುಂಬಿ ಪಾತಿ ಮಾಡಿದರೆ ಚದರ ಮೀಟರಿಗೆ 450 ಕಿಲೋ ದಾಟುತ್ತದೆ. ಅದು ಬೇಡವೇ ಬೇಡ. ದೊಡ್ಡ ಕುಂಡಗಳನ್ನು ಕೆಳಗೆ ಗೋಡೆ ಅಥವಾ ಬೀಮ್ ಇರುವ ಸಾಲಿನಲ್ಲಿ, ಅಂಚಿಗೆ ಇಡಿ. ಸ್ಲ್ಯಾಬಿನ ನಡುಮಧ್ಯ ಖಾಲಿ ಇರಲಿ, ಅಲ್ಲಿ ಬಟ್ಟೆ ಒಣಗಿಸಿ. ಪ್ರತಿ ಕುಂಡದ ಕೆಳಗೂ ಎರಡು ಇಟ್ಟಿಗೆ ಕೊಟ್ಟು ನೆಲದಿಂದ ಎತ್ತಬೇಕು. ತಾರಸಿಗೆ ಗಾಳಿ ಆಡುತ್ತದೆ, ಕುಂಡದ ತೂತಿನಿಂದ ನೀರು ಸರಾಗ ಹೋಗುತ್ತದೆ, ಬೇರು ಸಿಮೆಂಟಿನ ಬಿರುಕು ಹುಡುಕಿಕೊಂಡು ಹೋಗುವುದಿಲ್ಲ.

ಇನ್ನು ಲೀಟರ್. ಅಂಗಡಿಯಲ್ಲಿ ಗ್ರೋ ಬ್ಯಾಗನ್ನು, ಅಂದರೆ ಗಿಡ ಬೆಳೆಸುವ ಚೀಲವನ್ನು, ಇಂಚಿನಲ್ಲಿ ಮಾರುತ್ತಾರೆ, ಗಿಡ ಲೀಟರಿನಲ್ಲಿ ಬದುಕುತ್ತದೆ. 9 ಇಂಚು ಅಗಲ, 9 ಇಂಚು ಎತ್ತರದ ಚೀಲ ಅಂದರೆ ಸುಮಾರು 9 ಲೀಟರ್. 12ಕ್ಕೆ 12 ಅಂದರೆ 22 ಲೀಟರ್. 15ಕ್ಕೆ 15 ಆದರೆ 43. ಮೂರು ಇಂಚು ಹೆಚ್ಚಿಸಿದರೆ ಅಳತೆ ದುಪ್ಪಟ್ಟಾಗುತ್ತದೆ, ಇದನ್ನು ನೆನಪಿಡಿ. ಮೇಲೆ ನೀರು ನಿಲ್ಲಲು ಎರಡು ಇಂಚು ಬಿಡಬೇಕಾದ್ದರಿಂದ 12ರ ಚೀಲ ನಿಜವಾಗಿ ಹಿಡಿಯುವ ಮಣ್ಣು 18 ಲೀಟರ್. ಟೊಮೆಟೊ ಅಥವಾ ಬದನೆ ಒಂದು ಗಿಡಕ್ಕೆ ಇದು ಕನಿಷ್ಠ. ಹಸಿಮೆಣಸಿನಕಾಯಿ 12 ಲೀಟರಿನಲ್ಲೂ ಬರುತ್ತದೆ. ಹೀರೆ, ಹಾಗಲ, ಸೋರೆಗೆ 15ರ ಚೀಲಕ್ಕಿಂತ ಕಡಿಮೆ ಬೇಡ. ಸೊಪ್ಪಿಗೆ ಆಳ ಮುಖ್ಯವಲ್ಲ, ಅಗಲ ಮುಖ್ಯ. ಆರರಿಂದ ಎಂಟು ಇಂಚು ಆಳ ಇದ್ದರಾಯಿತು.

ದುಡ್ಡು ಕೊಟ್ಟು ಚೀಲವನ್ನೇ ಕೊಳ್ಳಬೇಕು ಅಂತ ಏನಿಲ್ಲ. ಇಪ್ಪತ್ತು ಲೀಟರಿನ ಪೇಂಟ್ ಬಕೆಟ್ ಅತ್ಯುತ್ತಮ, ಚೆನ್ನಾಗಿ ತೊಳೆದಿರಬೇಕು ಅಷ್ಟೆ. ಅಂತರಸನಹಳ್ಳಿ ಮಾರುಕಟ್ಟೆಗೆ ತರಕಾರಿ ಬರುತ್ತದಲ್ಲ, ಆ ಪ್ಲಾಸ್ಟಿಕ್ ಕ್ರೇಟ್ ಹಳೆಯದು ಸಿಕ್ಕರೆ ಸೊಪ್ಪಿಗೆ ಅದಕ್ಕಿಂತ ಬೇರೆ ಪಾತಿ ಬೇಡ. ಒಳಗೆ ಹಳೆಯ ಗೋಣಿತಾಟು ಅಥವಾ ಶೇಡ್ ನೆಟ್ (ನೆರಳಿಗೆ ಕಟ್ಟುವ ಬಲೆ) ಹಾಸಿ ಮಣ್ಣು ತುಂಬಿದರೆ ನಾಲ್ಕೂ ಬದಿಯಿಂದ ಗಾಳಿ ಸಿಗುತ್ತದೆ. ಅಕ್ಕಿಚೀಲ, ಸಿಮೆಂಟ್ ಚೀಲ ಬಿಸಿಲಿಗೆ ಬೇಗ ಪುಡಿಯಾಗುತ್ತವೆ. ಮಣ್ಣಿನ ಕುಂಡ ಚೆಂದ, ಬೇರನ್ನು ತಂಪಾಗಿಡುತ್ತದೆ, ಆದರೆ ಮೈಯಿಂದಲೇ ನೀರು ಆವಿಯಾಗುವುದರಿಂದ ಬೇಸಿಗೆಯಲ್ಲಿ ನೀರು ಹೆಚ್ಚು ಕೇಳುತ್ತದೆ, ಭಾರವೂ ಹೆಚ್ಚು. ಕಪ್ಪು ಚೀಲವನ್ನು ಪಡುವಣ ಬಿಸಿಲಿಗೆ ಒಡ್ಡಬೇಡಿ. ಆ ಬದಿಯ ಬೇರು ಬೆಂದುಹೋಗುತ್ತದೆ. ಬಿಳಿ ಚೀಲ ತನ್ನಿ, ಇಲ್ಲವೇ ಗೋಣಿತಾಟು ಸುತ್ತಿ.

ತೂತು: ಬಕೆಟ್ಟಿನ ತಳದಲ್ಲಿ 8ರಿಂದ 10 ಮಿಲಿಮೀಟರಿನ ಆರು ತೂತು, ತಳದಿಂದ ಒಂದು ಇಂಚು ಮೇಲೆ ಸುತ್ತಲೂ ಇನ್ನು ನಾಲ್ಕು. ತಳದ ತೂತು ಮುಚ್ಚಿಕೊಂಡರೂ ಪಕ್ಕದವು ಕಾಪಾಡುತ್ತವೆ. ತೂತಿನ ಮೇಲೆ ಒಂದು ಹಿಡಿ ತೆಂಗಿನ ನಾರು ಹರಡಿದರೆ ಮಣ್ಣು ಸೋರುವುದಿಲ್ಲ.

ತಳಕ್ಕೆ ಎರಡು ಇಂಚು ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅನ್ನೋ ನಂಬಿಕೆ ಎಲ್ಲ ಕಡೆ ಇದೆ. ಅದು ಸುಳ್ಳು. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಸಂದಿನ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದು ತುಂಬುವವರೆಗೆ ಗಡಿಯಲ್ಲೇ ನಿಲ್ಲುತ್ತದೆ. ಮೊದಲು ಚೀಲದ ತಳದಲ್ಲಿ ನಿಲ್ಲುತ್ತಿದ್ದ ಜವುಗು ಈಗ ಎರಡು ಇಂಚು ಮೇಲೆ, ಬೇರಿನ ಹತ್ತಿರಕ್ಕೇ ಬಂತು. ಬೇರಿಗೆ ಇದ್ದ ಜಾಗದಲ್ಲಿ ಮೂರು ನಾಲ್ಕು ಲೀಟರ್ ಹೋಯಿತು, ತೂಕ ಬೇರೆ ಏರಿತು. ನೀರು ಬಸಿಯಬೇಕಾದರೆ ಮಣ್ಣಿನ ಮಿಶ್ರಣವೇ ಸಡಿಲ ಇರಬೇಕು, ಬೇರೆ ದಾರಿಯಿಲ್ಲ.

ಈಗ ಆ ಮಿಶ್ರಣ. ತುಮಕೂರು ಜಿಲ್ಲೆಯವರಾದ ನಾವು ಈ ವಿಷಯದಲ್ಲಿ ಪುಣ್ಯವಂತರು. ತಿಪಟೂರು, ಗುಬ್ಬಿ, ತುರುವೇಕೆರೆ ಕಡೆ ತೆಂಗಿನ ಮಟ್ಟೆಯಿಂದ ನಾರು ತೆಗೆಯುವ ಘಟಕಗಳ ಪಕ್ಕದಲ್ಲಿ ನಾರಿನ ಪುಡಿ ಗುಡ್ಡೆಗುಡ್ಡೆ ಬಿದ್ದಿರುತ್ತದೆ. ಪೇಟೆಯಲ್ಲಿ ಕೋಕೋಪಿಟ್ ಅಂತ ಇಟ್ಟಿಗೆ ಮಾಡಿ ಮಾರುವುದೂ ಇದನ್ನೇ. ಆದರೆ ಹಸಿ ಪುಡಿಯನ್ನು ತಂದು ನೇರ ಚೀಲಕ್ಕೆ ತುಂಬಿದರೆ ಗಿಡ ಹಳದಿಯಾಗಿ ನಿಂತುಬಿಡುತ್ತದೆ. ಅದಕ್ಕೆ ಎರಡು ಕಾರಣ. ಮೊದಲನೆಯದು, ಅದರಲ್ಲಿ ಸೋಡಿಯಂ, ಪೊಟ್ಯಾಸಿಯಂ ಉಪ್ಪುಗಳೂ ಟ್ಯಾನಿನ್ ಎಂಬ ಕಂದು ಒಗರೂ ಇರುತ್ತವೆ. ಎರಡನೆಯದು, ಹಸಿ ಪುಡಿಯಲ್ಲಿ ಒಂದು ಪಾಲು ಸಾರಜನಕಕ್ಕೆ ನೂರಕ್ಕೂ ಹೆಚ್ಚು ಪಾಲು ಇಂಗಾಲ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ನೀವು ಹಾಕಿದ ಗೊಬ್ಬರದ ಸಾರಜನಕವನ್ನು ತಾವೇ ಹಿಡಿದಿಟ್ಟುಕೊಳ್ಳುತ್ತವೆ, ಗಿಡಕ್ಕೆ ಉಳಿಯುವುದಿಲ್ಲ.

ತೊಳೆಯುವ ಕ್ರಮ ಹೀಗೆ. ಐದು ಕಿಲೋದ ಒಂದು ಕೋಕೋಪಿಟ್ ಇಟ್ಟಿಗೆಯನ್ನು ದೊಡ್ಡ ಟಬ್ಬಿನಲ್ಲಿಟ್ಟು 25 ಲೀಟರ್ ನೀರು ಹಾಕಿ. ಒಂದು ಗಂಟೆಯಲ್ಲಿ ಉಬ್ಬಿ 60ರಿಂದ 70 ಲೀಟರ್ ಪುಡಿಯಾಗುತ್ತದೆ. ಅದನ್ನು ಶೇಡ್ ನೆಟ್ ಚೀಲದಲ್ಲಿ ತುಂಬಿ, ಮೇಲಿನಿಂದ ನೀರು ಸುರಿದು ಬಸಿಯಲು ಬಿಡಿ. ಮೊದಲು ಬರುವ ನೀರು ಕಾಫಿ ಡಿಕಾಕ್ಷನ್ ಬಣ್ಣದಲ್ಲಿರುತ್ತದೆ. ಅದು ತೆಳು ಹಳದಿಗೆ ತಿರುಗುವವರೆಗೆ ತೊಳೆಯಬೇಕು, ಎರಡು ಮೂರು ಸಲ ಆಗಬಹುದು. ಕೊನೆಗೆ 25 ಲೀಟರ್ ನೀರಿಗೆ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ, ಅದರಲ್ಲಿ ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ಬಸಿಯಿರಿ. ನಾರಿನ ಪುಡಿಗೆ ಅಂಟಿಕೊಂಡ ಸೋಡಿಯಂ ಬರಿಯ ನೀರಿಗೆ ಪೂರ್ತಿ ಬಿಡುವುದಿಲ್ಲ, ಕ್ಯಾಲ್ಸಿಯಂ ಬಂದು ಅದರ ಜಾಗ ಹಿಡಿದರೆ ಬಿಡುತ್ತದೆ. ಇಷ್ಟೆಲ್ಲ ಯಾರು ಮಾಡ್ತಾರೆ ಅನ್ನುವವರು ಕಳಿತ ನಾರಿನ ಪುಡಿಯನ್ನೇ ಕೇಳಿ ತನ್ನಿ. ಕಪ್ಪಗಿರುತ್ತದೆ, ಮಣ್ಣಿನ ವಾಸನೆ ಇರುತ್ತದೆ.

12ರ ಒಂದು ಚೀಲಕ್ಕೆ: ಜರಡಿ ಹಿಡಿದ ಕೆಮ್ಮಣ್ಣು 6 ಲೀಟರ್, ತೊಳೆದ ನಾರಿನ ಪುಡಿ 7 ಲೀಟರ್, ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 7 ಲೀಟರ್, ಬೇವಿನ ಹಿಂಡಿ 100 ಗ್ರಾಂ. ಒಟ್ಟು 20 ಲೀಟರ್ ಅನಿಸಿದರೂ ಬೆರೆಸಿದ ಮೇಲೆ ಕುಸಿದು 18ಕ್ಕೆ ನಿಲ್ಲುತ್ತದೆ. ಒದ್ದೆಯಾದಾಗ ಚೀಲದ ತೂಕ 18ರಿಂದ 20 ಕಿಲೋ. ಬರೀ ಮಣ್ಣಾಗಿದ್ದರೆ 30 ದಾಟುತ್ತಿತ್ತು. ಬೆರೆಸಿದ್ದನ್ನು ನೆರಳಿನಲ್ಲಿ ತೇವ ಇಟ್ಟು ಹತ್ತು ಹದಿನೈದು ದಿನ ಬಿಡಿ. ಹಿಂಡಿ ಕೊಳೆಯುವಾಗ ಕಾವು ಏಳುತ್ತದೆ, ಅದು ಇಳಿದ ಮೇಲೆಯೇ ಸಸಿ. ಕೆರೆ ಗೋಡು ಸಿಗುತ್ತದೆ ಅಂತ ಅದನ್ನೇ ತುಂಬುವವರಿದ್ದಾರೆ. ಹೊಲಕ್ಕೆ ಅದು ಬಂಗಾರ, ಚೀಲದಲ್ಲಿ ಒಣಗಿದರೆ ಹೆಂಟೆ, ನೆನೆದರೆ ಕೆಸರು. ಒಲೆಯ ಬೂದಿಯೂ ಬೇಡ, ಕಾರಣ ನೀರಿನ ವಿಷಯದಲ್ಲಿ ಬರುತ್ತದೆ.

ನಗರದಲ್ಲಿ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬರುವ ಮನೆಗಳಿವೆ, ಬೋರ್‌ವೆಲ್ಲನ್ನೇ ನಂಬಿದ ಮನೆಗಳೂ ಇವೆ, ಸಂಪಿನಲ್ಲಿ ಎರಡೂ ಬೆರೆಯುವುದೂ ಇದೆ. ನಿಮ್ಮದು ಗಡಸು ನೀರಾ ಅಂತ ನೋಡಲು ಪ್ರಯೋಗಾಲಯ ಬೇಡ. ಸೋಪು ನೊರೆ ಬರುವುದಿಲ್ಲ, ಗೀಸರಿನೊಳಗಿನ ಕಾಯುವ ಸುರುಳಿಗೆ ಸುಣ್ಣ ಕಟ್ಟುತ್ತದೆ, ಚೀಲದ ತೂತಿನ ಸುತ್ತ ಬಿಳಿ ಪುಡಿ ಕೂರುತ್ತದೆ. ಗಡಸು ನೀರಿನಲ್ಲಿರುವ ಬೈಕಾರ್ಬನೇಟ್ ಎಂಬ ಉಪ್ಪು ವಾರವಾರಕ್ಕೂ ಮಣ್ಣನ್ನು ಕ್ಷಾರದ ಕಡೆಗೆ ಎಳೆಯುತ್ತದೆ. ಆಗ ಕಬ್ಬಿಣ ಮಣ್ಣಿನಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಇದೇ. ಹಳೆಯ, ಕೆಳಗಿನ ಎಲೆಗಳು ಪೂರ್ತಿ ಹಳದಿಯಾದರೆ ಅದು ಸಾರಜನಕದ ಕೊರತೆ. ಎರಡಕ್ಕೂ ಮದ್ದು ಬೇರೆ. ಬೂದಿ ಬೇಡ ಅಂದಿದ್ದು ಇದಕ್ಕೇ, ಅದೂ ಕ್ಷಾರ. ಕುಂಡಕ್ಕೆ ತುಕ್ಕು ಹಿಡಿದ ಮೊಳೆ ಹಾಕಿದರೂ ಉಪಯೋಗವಿಲ್ಲ, ಕ್ಷಾರ ಮಣ್ಣಿನಲ್ಲಿ ತುಕ್ಕು ಕರಗುವುದಿಲ್ಲ. ಕಬ್ಬಿಣದ ಕೀಲೇಟ್, ಅಂದರೆ ಕಬ್ಬಿಣವನ್ನು ಬೇರಿಗೆ ಸಿಗುವ ರೂಪದಲ್ಲಿ ಹಿಡಿದಿಡುವ ಗೊಬ್ಬರ, ಕೊಳ್ಳುವಾಗ ಪೊಟ್ಟಣದ ಮೇಲೆ ಇಡಿಡಿಎಚ್‌ಎ ಅಂತ ಇದೆಯಾ ನೋಡಿ. ಇಡಿಟಿಎ ಇರುವುದು ಕ್ಷಾರ ಮಣ್ಣಿನಲ್ಲಿ ನಿಲ್ಲುವುದಿಲ್ಲ, ಅದನ್ನು ಎಲೆಗೆ ಸಿಂಪಡಿಸಲು ಇಟ್ಟುಕೊಳ್ಳಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಆರ್‌ಒ ಫಿಲ್ಟರಿನಿಂದ ಹೊರಗೆ ಹೋಗುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಗಿಡಕ್ಕೆ ಹಾಕುವ ಅಭ್ಯಾಸ ಈಗ ಮನೆಮನೆಯಲ್ಲಿದೆ. ನೀರು ವ್ಯರ್ಥವಾಗಬಾರದು ಅನ್ನೋ ಮನಸ್ಸು ಒಳ್ಳೆಯದೇ. ಆದರೆ ಫಿಲ್ಟರು ನಿಮ್ಮ ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಆ ಬಕೆಟ್ಟಿನಲ್ಲಿದೆ. ನೆಲ ಒರೆಸಲು, ಪಾಯಿಖಾನೆಗೆ ಬಳಸಿ, ಚೀಲಕ್ಕೆ ಬೇಡ. ಬಟ್ಟೆ ತೊಳೆಯಲು ಅಂತ ನೀರಿನ ಗಡಸು ತೆಗೆಯುವ ಸಾಫ್ಟ್‌ನರ್ ಹಾಕಿಸಿದವರು ಅದಕ್ಕಿಂತ ಮುಂಚಿನ ನಲ್ಲಿಯಿಂದ ಗಿಡಕ್ಕೆ ನೀರು ಹಿಡಿಯಿರಿ. ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಸೇರಿಸುತ್ತದೆ, ಗಿಡಕ್ಕೆ ಗಡಸು ನೀರಿಗಿಂತಲೂ ಅದು ಕೆಟ್ಟದ್ದು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಿ. ಮಳೆ ಬಂದಾಗ ಚೀಲಗಳನ್ನು ನೆನೆಯಲು ಬಿಡಿ, ಡ್ರಮ್ಮಿನಲ್ಲೂ ಹಿಡಿದಿಡಿ. ಸೆಪ್ಟೆಂಬರ್, ಅಕ್ಟೋಬರಿನ ಒಂದು ಜೋರು ಮಳೆ ತಿಂಗಳುಗಟ್ಟಲೆ ಕೂಡಿದ ಉಪ್ಪನ್ನು ತೊಳೆದುಬಿಡುತ್ತದೆ. ಜತೆಗೆ ಸಾರಜನಕವೂ ಹೋಗುತ್ತದೆ, ಮಳೆ ನಿಂತ ಮೇಲೆ ಒಂದು ಸಲ ಗೊಬ್ಬರದ ನೀರು ಕೊಡಿ.

ಎಷ್ಟು ನೀರು? 18 ಲೀಟರ್ ಮಿಶ್ರಣದಲ್ಲಿ ಗಿಡಕ್ಕೆ ಸಿಗುವ ನೀರು ನಾಲ್ಕೈದು ಲೀಟರ್ ಇರಬಹುದು. ಕಾಯಿ ಹೊತ್ತ ಟೊಮೆಟೊ ಏಪ್ರಿಲ್‌ನಲ್ಲಿ ದಿನಕ್ಕೆ ಎರಡರಿಂದ ಮೂರು ಲೀಟರ್ ಕುಡಿಯುತ್ತದೆ, ಡಿಸೆಂಬರ್‌ನಲ್ಲಿ ಒಂದು ಸಾಕು. 9ರ ಚೀಲದಲ್ಲಿ ಅದೇ ಗಿಡ ಇಟ್ಟಿದ್ದರೆ ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನ ಎರಡಕ್ಕೆ ಮುಗಿದಿರುತ್ತದೆ. ಲೀಟರ್ ಲೀಟರ್ ಅಂತ ಇಷ್ಟೊತ್ತು ಹೇಳಿದ್ದು ಇದಕ್ಕೆ. ಬೆರಳನ್ನು ಎರಡು ಇಂಚು ಇಳಿಸಿ ನೋಡಿ, ತಣ್ಣಗೆ ಒದ್ದೆ ಇದ್ದರೆ ಅಂದು ನೀರು ಬೇಡ. ಮಧ್ಯಾಹ್ನ ಎಲೆ ಜೋತುಬಿದ್ದು ಸಂಜೆ ತಾನೇ ಎದ್ದರೆ ಅದು ಬಿಸಿಲಿನ ಬಳಲಿಕೆ, ಗಾಬರಿ ಬೇಡ. ಬೆಳಿಗ್ಗೆಯೂ ಜೋತಿದ್ದು ಮಣ್ಣು ಒದ್ದೆ ಇದ್ದರೆ ಬೇರು ಕೊಳೆಯುತ್ತಿದೆ. ಅದಕ್ಕೆ ಇನ್ನೊಂದು ಚೊಂಬು ನೀರು ಹಾಕಿದರೆ ಗಿಡ ಹೋಯಿತು ಅಂತಲೇ. ನಾರಿನ ಪುಡಿ ಪೂರ್ತಿ ಒಣಗಿದರೆ ಚೀಲದ ಅಂಚಿನಿಂದ ಬಿಟ್ಟುಕೊಳ್ಳುತ್ತದೆ. ಹಾಕಿದ ನೀರು ಆ ಸಂದಿನಲ್ಲಿಳಿದು ಹೊರಗೆ ಬರುತ್ತದೆ, ಒಳಗೆ ಹನಿಯೂ ಸೇರುವುದಿಲ್ಲ. ಆಗ ಚೀಲವನ್ನು ಅರ್ಧ ಗಂಟೆ ನೀರಿನ ಟಬ್ಬಿನಲ್ಲಿ ಕೂರಿಸಿ ಎತ್ತಿ.

ಇನ್ನು ಬೆಳೆಗಳು. ಮೊದಲ ವರ್ಷ ಸೊಪ್ಪಿನಿಂದ ಶುರು ಮಾಡುವುದೇ ಜಾಣತನ. ಎರಡು ಕ್ರೇಟ್ ಹರಿವೆ ಅಥವಾ ದಂಟು ನಾಲ್ಕು ಜನರ ಮನೆಯ ಒಂದು ಮಸ್ಸೊಪ್ಪಿಗೆ ಆಗುತ್ತದೆ. ಆರು ಕ್ರೇಟ್ ಇಟ್ಟುಕೊಂಡು ಹತ್ತು ದಿನಕ್ಕೆ ಎರಡರಂತೆ ಬಿತ್ತಿದರೆ ಸರದಿ ತಪ್ಪುವುದಿಲ್ಲ. ಹರಿವೆ ಬೀಜ ಸಾಸಿವೆಗಿಂತ ಸಣ್ಣದು. ಒಂದು ಕ್ರೇಟಿಗೆ ಕಾಲು ಚಮಚ ಬೀಜವನ್ನು ಒಂದು ಹಿಡಿ ಮರಳಿನಲ್ಲಿ ಬೆರೆಸಿ ಉದುರಿಸಿ, ಮೇಲೆ ಮಣ್ಣು ಕಾಣದಷ್ಟು ಮಾತ್ರ ಎರೆಗೊಬ್ಬರ ಚಿಮುಕಿಸಿ. 25ರಿಂದ 30 ದಿನಕ್ಕೆ ಕೊಯ್ಲು. ಮೆಂತ್ಯ ಅಡಿಗೆಮನೆಯ ಡಬ್ಬದಿಂದಲೇ ತೆಗೆದು ಬಿತ್ತಬಹುದು, ಮೂರನೇ ದಿನ ಮೊಳಕೆ. ಕೊತ್ತಂಬರಿ ಹಾಗಲ್ಲ. ಕಾಳನ್ನು ಲಟ್ಟಣಿಗೆಯಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಬೇಕು, ಒಂದು ರಾತ್ರಿ ನೆನೆಸಬೇಕು, ಆಮೇಲೂ ಎಂಟರಿಂದ ಹನ್ನೆರಡು ದಿನ ಕಾಯಬೇಕು. ಐದನೇ ದಿನಕ್ಕೆ ಬೀಜ ಕೆಟ್ಟಿದೆ ಅಂತ ಕೆದಕಿ ಹಾಳು ಮಾಡುವವರೇ ಹೆಚ್ಚು. ಬೇಸಿಗೆಯಲ್ಲಿ ಅದು ಎಲೆ ಬಿಡುವ ಮೊದಲೇ ಹೂವಿಗೆ ಹೋಗುತ್ತದೆ, ನವೆಂಬರಿನಿಂದ ಫೆಬ್ರವರಿ ಅದರ ಕಾಲ.

ಟೊಮೆಟೊ ಸಸಿ ಹತ್ತಕ್ಕಿಂತ ಕಡಿಮೆ ಬೇಕಿದ್ದರೆ ನರ್ಸರಿಯಿಂದ ಪ್ರೋಟ್ರೇ (ಗುಳಿಗಳಿರುವ ತಟ್ಟೆ) ಸಸಿ ತರುವುದೇ ಲೇಸು. 25 ದಿನದ, ನಾಲ್ಕೈದು ಎಲೆಯ ಗಿಡ್ಡ ಸಸಿ ಆರಿಸಿ. ಆಗಲೇ ಹೂ ಬಿಟ್ಟ ಉದ್ದ ಸಸಿ ತರಬೇಡಿ. ಮೊದಲ ಎಲೆಯವರೆಗೆ ಕಾಂಡವನ್ನು ಹೂತರೆ ಅಲ್ಲಿಂದಲೂ ಬೇರು ಬರುತ್ತದೆ, ಟೊಮೆಟೊಗೆ ಮಾತ್ರ ಈ ಉಪಾಯ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಎಲೆ ಮುಟುರು ನಂಜು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆಯುತ್ತದೆ. ಮನೆಯಲ್ಲಿ ಔಷಧಿ ಹೊಡೆಯಲು ಇಷ್ಟವಿಲ್ಲದವರಿಗೆ ಇಂಥ ತಳಿಯೇ ಸರಿ. ಅದೇ ಸಂಸ್ಥೆಯ ಪ್ರಯೋಗ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ನಮ್ಮ ಹಿರೇಹಳ್ಳಿಯಲ್ಲೇ ಇವೆ, ತಳಿಯ ಬಗ್ಗೆ ಅಲ್ಲಿ ವಿಚಾರಿಸಬಹುದು. ನಾಟಿಯ ದಿನವೇ ಐದಡಿ ಕೋಲು ನೆಡಿ, ಆಮೇಲೆ ನೆಟ್ಟರೆ ಬೇರು ಕಡಿಯುತ್ತದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಹೂಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಕಾಯಿ ಹೆಚ್ಚು ಕಚ್ಚುತ್ತದೆ. ಉಷ್ಣಾಂಶ 35 ಡಿಗ್ರಿ ದಾಟಿದರೆ ಹೂ ಉದುರುತ್ತದೆ, ಅದಕ್ಕೆ ಯಾವ ಟಾನಿಕ್ಕೂ ಇಲ್ಲ.

ಟೊಮೆಟೊ ಕಾಯಿಯ ತಳ ಕಪ್ಪಗೆ, ಚಪ್ಪಟೆಯಾಗಿ ಕೊಳೆತಂತಾಗುವುದನ್ನು ನೋಡಿರುತ್ತೀರಿ. ಅದು ರೋಗವಲ್ಲ, ಕಾಯಿಯ ತುದಿಗೆ ಕ್ಯಾಲ್ಸಿಯಂ ತಲುಪದ ಲಕ್ಷಣ. ನಮ್ಮ ಗಡಸು ನೀರಿನಲ್ಲಿ ಕ್ಯಾಲ್ಸಿಯಮ್ಮಿಗೆ ಬರವಿಲ್ಲ. ಆದರೆ ಅದು ಹರಿಯುವ ನೀರಿನ ಜತೆಯಲ್ಲೇ ಏರಬೇಕು, ಆ ನೀರನ್ನು ಎಲೆಗಳು ಮೊದಲು ಎಳೆದುಕೊಳ್ಳುತ್ತವೆ. ಎರಡು ದಿನ ಒಣಗಿಸಿ ಮೂರನೇ ದಿನ ಸುರಿದರೆ ಕಾಯಿಗೆ ಪಾಲು ತಪ್ಪುತ್ತದೆ. ಮೊಟ್ಟೆ ಚಿಪ್ಪು ಕರಗಲು ಬಹಳ ಕಾಲ ಬೇಕು, ಈ ಬೆಳೆಗೆ ಅದು ಒದಗುವುದಿಲ್ಲ. ದಿನಾ ಒಂದೇ ಹೊತ್ತಿಗೆ ನೀರು, ಮಣ್ಣಿನ ಮೇಲೆ ಎರಡು ಇಂಚು ತರಗೆಲೆ ಅಥವಾ ತೆಂಗಿನ ನಾರಿನ ಹೊದಿಕೆ, ಇಷ್ಟೇ ಇದರ ಚಿಕಿತ್ಸೆ.

ಬೆಂಡೆ ನೇರ ಬಿತ್ತನೆ, 45ರಿಂದ 50 ದಿನಕ್ಕೆ ಕಾಯಿ. ಒಂದೆರಡು ಗಿಡ ಹಾಕಿದರೆ ದಿನಕ್ಕೆ ಎರಡು ಕಾಯಿ ಹಿಡಿದು ಏನು ಮಾಡುವುದು? ಆರು ಚೀಲ ಇಟ್ಟರೆ ಪಲ್ಯಕ್ಕಾಗುತ್ತದೆ. ದಿನ ಬಿಟ್ಟು ದಿನ ಕೊಯ್ಯಿರಿ, ಒಂದು ಕಾಯಿ ಬಲಿತರೂ ಗಿಡ ಹೊಸ ಹೂ ಕಡಿಮೆ ಮಾಡುತ್ತದೆ. ಬದನೆ ಸಾವಧಾನದ ಗಿಡ. ಸುಗ್ಗಿ ಮುಗಿದ ಮೇಲೆ ಒಂದಡಿ ಬಿಟ್ಟು ಸವರಿ ಗೊಬ್ಬರ ಕೊಟ್ಟರೆ ಮತ್ತೆ ಚಿಗುರಿ ಕಾಯಿ ಕೊಡುತ್ತದೆ. ಅದರ ಸುಳಿ ಬಾಡಿ ಬಾಗಿದ್ದು ಕಂಡರೆ ಒಳಗೆ ಹುಳು ಇದೆ ಅಂತ. ಬಾಡಿದ ಜಾಗದಿಂದ ಎರಡು ಇಂಚು ಕೆಳಗೆ ಕತ್ತರಿಸಿ ಸೋಪಿನ ನೀರಿನಲ್ಲಿ ಮುಳುಗಿಸಿ. ಅಲ್ಲೇ ಬಿಸಾಡಿದರೆ ಹುಳು ಹೊರಬಂದು ಪತಂಗವಾಗುತ್ತದೆ.

ಬಳ್ಳಿ ತರಕಾರಿಯಲ್ಲಿ "ಹೂ ಬರ್ತವೆ, ಹೀಚು ಹಳದಿಯಾಗಿ ಉದುರ್ತವೆ" ಅನ್ನೋದು ಹಳೇ ದೂರು. ನಾಲ್ಕನೇ ಮಹಡಿಗೆ ದುಂಬಿ ಜೇನು ಬರುವುದು ಕಡಿಮೆ, ನೀವೇ ಆ ಕೆಲಸ ಮಾಡಬೇಕು. ಹೂವಿನ ಕೆಳಗೆ ಪುಟ್ಟ ಕಾಯಿ ಇದ್ದರೆ ಹೆಣ್ಣು, ಬರೀ ತೊಟ್ಟಿದ್ದರೆ ಗಂಡು. ಹೀರೆಯಲ್ಲಿ ಗಂಡು ಹೂ ಗೊಂಚಲಾಗಿ, ಹೆಣ್ಣು ಒಂಟಿಯಾಗಿ ಬರುತ್ತದೆ. ಹೊಸದಾಗಿ ಅರಳಿದ ಗಂಡು ಹೂ ಕಿತ್ತು, ದಳ ಹರಿದು, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಮಧ್ಯದ ಅಂಟಿಗೆ ಸವರಿ. ಇಲ್ಲಿ ಹೊತ್ತು ಮುಖ್ಯ. ಸೌತೆ, ಹಾಗಲ ಬೆಳಗಿನ ಹೂ, ಒಂಬತ್ತರೊಳಗೆ ಮುಗಿಸಿ. ಹೀರೆ, ಸೋರೆ ಸಂಜೆ ಅರಳುವ ಹೂ, ಐದು ಗಂಟೆಯ ಮೇಲೆ ನೋಡಿ. ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು ಹೀರೆ ಹೂ ಸವರಿದರೆ ಹೊತ್ತು ಮೀರಿರುತ್ತದೆ.

ಅವರೆ ಇಲ್ಲದೆ ನಮ್ಮ ಕಡೆ ಯಾವ ತರಕಾರಿ ಮಾತೂ ಮುಗಿಯುವುದಿಲ್ಲ. ನಾಟಿ ಅವರೆಗೆ ಹಗಲು ಚಿಕ್ಕದಾದರೆ ಮಾತ್ರ ಹೂ. ಜುಲೈ, ಆಗಸ್ಟ್‌ನಲ್ಲಿ ಬಿತ್ತಿದರೆ ಚಳಿಗೆ ಸರಿಯಾಗಿ ಕಾಯಿ. ಫೆಬ್ರವರಿಯಲ್ಲಿ ಬಿತ್ತಿದರೆ ಬರೀ ಬಳ್ಳಿ ಹಬ್ಬುತ್ತದೆ. ಅರ್ಕಾ ಜಯ್, ಅರ್ಕಾ ವಿಜಯ್ ಎಂಬ ಪೊದೆ ತಳಿಗಳಿಗೆ ಈ ಕಟ್ಟಿಲ್ಲ, ಚೀಲಕ್ಕೂ ಹೊಂದುತ್ತವೆ. ಸೊಗಡಿನಲ್ಲಿ ನಾಟಿಯದೇ ಮೇಲುಗೈ, ಅದನ್ನು ಒಪ್ಪಲೇಬೇಕು. ಈರುಳ್ಳಿ, ಆಲೂಗಡ್ಡೆ, ಎಲೆಕೋಸು ಚೀಲದಲ್ಲಿ ಬೇಡ. ಮೂರು ತಿಂಗಳು ಜಾಗ ಹಿಡಿದು ಒಂದು ದಿನದ ಸಾರಿಗೂ ಆಗುವುದಿಲ್ಲ.

ಗೊಬ್ಬರದ ವಿಷಯ ಚುಟುಕಾಗಿ ಹೇಳುತ್ತೇನೆ. ನಾಟಿಯಾಗಿ 20 ದಿನದ ಮೇಲೆ ಹತ್ತು ದಿನಕ್ಕೊಮ್ಮೆ ಕಡಲೆಕಾಯಿ ಹಿಂಡಿಯ ನೀರು. 100 ಗ್ರಾಂ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಮೂರು ದಿನ ಮುಚ್ಚಿಟ್ಟು, ದಿನಾ ಒಮ್ಮೆ ಕಲಕಿ, ಆಮೇಲೆ ಹತ್ತು ಲೀಟರ್ ನೀರು ಬೆರೆಸಿ, 12ರ ಚೀಲಕ್ಕೆ ಅರ್ಧ ಲೀಟರ್. ಒಣ ಹಿಂಡಿಯನ್ನು ಬುಡಕ್ಕೆ ಉದುರಿಸಿದರೆ ಇರುವೆ, ಬೂಸ್ಟು, ನೊಣದ ಹುಳು ಬರುತ್ತವೆ. ಎಲೆ ಕಡು ಹಸಿರಾಗಿ ಸೊಂಪಾಗಿ ಹೂವೇ ಇಲ್ಲದಿದ್ದರೆ ಹಿಂಡಿ ಜಾಸ್ತಿಯಾಗಿದೆ. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರಿಗೆ ಇಂಟರ್ನೆಟ್ಟಿನಲ್ಲಿ ಇರುವಷ್ಟು ಶಕ್ತಿ ಕುಂಡದಲ್ಲಿ ಇಲ್ಲ, ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಹಾಕಿ.

ಕೀಟಗಳಲ್ಲಿ ಎಲೆಯನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿಯಿತು. ಮೆಣಸಿನಕಾಯಿ ಎಲೆಯ ಅಂಚು ಮೇಲಕ್ಕೆ ದೋಣಿಯಂತೆ ಮುದುಡಿದರೆ ಥ್ರಿಪ್ಸ್ ಎಂಬ ರಸ ಹೀರುವ ಪುಟ್ಟ ಕೀಟ, ಕೆಳಕ್ಕೆ ಮುದುಡಿ ತೊಟ್ಟು ಉದ್ದವಾದರೆ ಮೈಟ್ ನುಸಿ. ಮೈಟಿಗೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ, ತಂಪು ಹೊತ್ತಿನಲ್ಲಿ. ಥ್ರಿಪ್ಸ್, ಸಸ್ಯಹೇನು, ಬಿಳಿ ನೊಣಕ್ಕೆ ಬೇವಿನ ಎಣ್ಣೆ 5 ಮಿಲಿ, ದ್ರವ ಸೋಪು 1ರಿಂದ 2 ಮಿಲಿ, ಒಂದು ಲೀಟರ್ ನೀರು. ಮೊದಲು ಎಣ್ಣೆಗೆ ಸೋಪು ಬೆರೆಸಿ ಆಮೇಲೆ ನೀರು ಸೇರಿಸಿ, ಹಾಲಿನಂತಾಗಬೇಕು. ಗಡಸು ನೀರಿನಲ್ಲಿ ಸೋಪು ಒಡೆದು ಎಣ್ಣೆ ತೇಲುತ್ತದೆ, ಎಲೆ ಸುಡುತ್ತದೆ. ಇದಕ್ಕೆ ಮಾತ್ರ ಮಳೆ ನೀರು ಅಥವಾ ಆರ್‌ಒ ಫಿಲ್ಟರಿನ ಕುಡಿಯುವ ನೀರು ಬಳಸಿ. ಸಂಜೆ, ಎಲೆಯ ಕೆಳಮೈಗೆ ಹೊಡೆಯಿರಿ. ಹಿಟ್ಟು ತಿಗಣೆಯ ಮೈಮೇಲೆ ಮೇಣ ಇರುವುದರಿಂದ ಬರೀ ಸಿಂಪಡಣೆ ತಾಗುವುದಿಲ್ಲ, ಮೊದಲು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಕಾಂಡದ ಮೇಲೆ ಇರುವೆ ಸಾಲು ಹತ್ತುತ್ತಿದ್ದರೆ ಮೇಲೆಲ್ಲೋ ಹೇನು ಅಥವಾ ತಿಗಣೆ ಇದೆ ಅಂತಲೇ ತಿಳಿಯಿರಿ. ಟೊಮೆಟೊ ಎಲೆ ಮುಟುರಿ ಗಿಡ ಗಿಡ್ಡಾಗಿ ನಿಂತರೆ ಅದು ಬಿಳಿ ನೊಣ ತಂದ ನಂಜು, ಮದ್ದಿಲ್ಲ. ಕಿತ್ತುಹಾಕಲು ಮನಸ್ಸು ಬರುವುದಿಲ್ಲ, ಆದರೂ ಕೀಳಬೇಕು.

ಕೊನೆಗೆ ಸಭೆಯಿಂದ ಬಂದ ಕೆಲವು ಪ್ರಶ್ನೆಗಳು.

ಕೋತಿಗಳಿಗೆ ಏನು ಮಾಡೋದು ಅಂತ ಒಬ್ಬರು ಕೇಳಿದರು. ಬಲೆ ಕಟ್ಟುವುದೊಂದೇ ಪೂರ್ತಿ ಪರಿಹಾರ. ಅದಾಗದಿದ್ದರೆ ಟೊಮೆಟೊ, ಸೌತೆ ಬಿಟ್ಟು ಹಾಗಲ, ಮೆಣಸಿನಕಾಯಿ, ಪುದೀನ, ದೊಡ್ಡಪತ್ರೆ ಹಾಕಿ. ಅವನ್ನೂ ಒಮ್ಮೊಮ್ಮೆ ಕಿತ್ತು ಬಿಸಾಡುತ್ತವೆ, ತಿನ್ನುವುದು ಕಡಿಮೆ.

ನಾಲ್ಕೈದು ದಿನ ಊರಿಗೆ ಹೋಗಬೇಕಾದರೆ? ಚೀಲಗಳನ್ನೆಲ್ಲ ನೆರಳಿಗೆ ಒತ್ತೊತ್ತಾಗಿ ಸರಿಸಿ, ಬಲಿತ ಕಾಯಿ ಕೊಯ್ದುಬಿಡಿ. ನಡುವೆ ಎತ್ತರದ ಸ್ಟೂಲ್ ಮೇಲೆ ಬಕೆಟ್ ನೀರಿಟ್ಟು, ಹಳೇ ಕಾಟನ್ ಸೀರೆಯ ಪಟ್ಟಿ ಹೊಸೆದು ಒದ್ದೆ ಮಾಡಿ, ಒಂದು ತುದಿ ಬಕೆಟ್ಟಿನ ತಳ ಮುಟ್ಟುವಂತೆ, ಇನ್ನೊಂದು ಚೀಲದ ಮಣ್ಣಿನೊಳಗೆ ಮೂರು ಇಂಚು ಇಳಿಯುವಂತೆ ಹೂತಿಡಿ. ಹೊರಡುವ ಎರಡು ದಿನ ಮೊದಲೇ ಕಟ್ಟಿ, ನೀರು ಎಷ್ಟು ಇಳಿಯುತ್ತದೆ ನೋಡಿಕೊಳ್ಳಿ.

ಬೆಳೆ ಮುಗಿದ ಮಣ್ಣನ್ನು ಎಸೆಯಬೇಕಾ? ಬೇಡ. ಬೇರು ತೆಗೆದು, ನಾಲ್ಕರಲ್ಲಿ ಒಂದು ಪಾಲು ಹೊಸ ಎರೆಗೊಬ್ಬರ ಮತ್ತು 100 ಗ್ರಾಂ ಬೇವಿನ ಹಿಂಡಿ ಸೇರಿಸಿ ಮತ್ತೆ ಬಳಸಿ. ಟೊಮೆಟೊ ಇದ್ದ ಮಣ್ಣಿಗೆ ಬದನೆ, ಮೆಣಸಿನಕಾಯಿ ಹಾಕಬೇಡಿ, ಎಲ್ಲ ಒಂದೇ ಕುಲ, ರೋಗವೂ ಒಂದೇ. ಬೀನ್ಸ್ ಅಥವಾ ಸೊಪ್ಪು ಹಾಕಿ. ಬೇರು ಕಿತ್ತಾಗ ಗಂಟುಗಂಟಾಗಿ ಕಂಡರೆ ಜಂತುಹುಳ ಸೇರಿದೆ. ಆ ಮಣ್ಣನ್ನು ಏಪ್ರಿಲ್‌ನಲ್ಲಿ ತಾರಸಿಯ ಮೇಲೆ ನಾಲ್ಕು ಇಂಚು ದಪ್ಪಕ್ಕೆ ಹರಡಿ, ಒದ್ದೆ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆಲ್ಲ ಇಟ್ಟಿಗೆ ಇಟ್ಟು ನಾಲ್ಕು ವಾರ ಬಿಡಿ. ಕಪ್ಪು ಹಾಳೆ ಹೊದಿಸಿದರೆ ಹಾಳೆ ಕಾಯುತ್ತದೆ, ಮಣ್ಣು ಅಷ್ಟು ಕಾಯುವುದಿಲ್ಲ.